ಏರ್ ಪಿಸ್ತೂಲ್ ಆಯ್ತು, .22 ಆಯ್ತು. ಇನ್ನು ದೊಡ್ಡ ಪಿಸ್ತೂಲ್ ಹಿಡಿಯಲಾ?

ನಿಮ್ಮ ಪ್ರಶ್ನೆ ಓದಿದ ತಕ್ಷಣ ನನ್ನ ಎಡಗೈ ಹೆಬ್ಬೆರಳು ನೋಡಿಕೊಂಡೆ. ಶೂಟಿಂಗ್ ಕಲಿಯುತ್ತ ಎಂಟು ತಿಂಗಳು ಗಾಳಿಯ ಒತ್ತಡದಿಂದ ಹೊಡೆಯುವ ಏರ್ ಪಿಸ್ತೂಲ್, ನಾಲ್ಕು ತಿಂಗಳು ಸಣ್ಣ ಗುಂಡಿನ .22, ಈಗ ಬೋರ್ ಆಗ್ತಿದೆ, ಅದಕ್ಕಿಂತ ದಪ್ಪ ಗುಂಡಿನ .32 ಹಿಡಿಯಲಾ ಅಂತ ಕೇಳಿದ್ದೀರಿ. ನಾನೂ ಇದನ್ನೇ ಕೇಳಿದ್ದೆ. ಕೇಳಿ ಸುಮ್ನಿದ್ದಿದ್ದರೆ ಇಷ್ಟುದ್ದ ಬರೆಯುವ ಕೆಲಸ ಇರುತ್ತಿರಲಿಲ್ಲ.

ನಮ್ಮೂರು ಗಡಹಿಂಗ್ಲಜ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಊರಿನ ಹುಡುಗರಿಗೆಲ್ಲ ಫುಟ್‌ಬಾಲ್ ಹುಚ್ಚು. ನನಗೆ ಕಾಲು ಓಡುತ್ತಿರಲಿಲ್ಲ, ಕೈ ಮಾತ್ರ ಅಲ್ಲಾಡದೆ ನಿಲ್ಲುತ್ತಿತ್ತು. 2013ರಲ್ಲಿ ಕೊಲ್ಹಾಪುರದ ಪಿಸ್ತೂಲ್ ಶೂಟರ್ ರಾಹಿ ಸರ್ನೋಬತ್ ಕೊರಿಯಾದಲ್ಲಿ ಶೂಟಿಂಗ್ ವಿಶ್ವಕಪ್ ಚಿನ್ನ ಗೆದ್ದಾಗ ಪೇಪರ್ ತುಂಬ ಅವರದೇ ಫೋಟೊ. ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಎಸ್‌ಟಿ ಬಸ್ಸು ಹತ್ತುವುದು, ಸಂಕೇಶ್ವರ, ನಿಪ್ಪಾಣಿ ದಾಟಿ ಕೊಲ್ಹಾಪುರದಲ್ಲಿ ಇಳಿದು ಶೂಟಿಂಗ್ ಕ್ಲಬ್ಬಿಗೆ ಹೋಗುವುದು. ಮಹಾರಾಷ್ಟ್ರದಿಂದ ಮಹಾರಾಷ್ಟ್ರಕ್ಕೆ ಹೋಗಲು ನಡುವೆ ಕರ್ನಾಟಕ ದಾಟಬೇಕು. ನಿಪ್ಪಾಣಿ ಸ್ಟ್ಯಾಂಡಿನ ಚಹಾ ಕುಡಿದರೆ ಕೈ ನಡುಗುತ್ತದೆ ಅಂತ ಅದನ್ನೂ ಬಿಟ್ಟಿದ್ದೆ. ಅಷ್ಟು ಶಿಸ್ತಿನ ಮನುಷ್ಯ ನಾನು!

ಒಂದು ವರ್ಷ ಆಗುವ ಹೊತ್ತಿಗೆ ತಲೆ ತಿರುಗಿತು. ಏರ್ ಪಿಸ್ತೂಲಿನ ಟಪ್ ಸದ್ದು ಮಕ್ಕಳ ಆಟದ ಹಾಗೆ ಕೇಳಿಸತೊಡಗಿತು. .22 ಕೂಡ ಸಪ್ಪೆ. ಒಂದು ಭಾನುವಾರ ಕ್ಲಬ್ಬಿನ .32 ಪಿಸ್ತೂಲು ಹೊರಗೆ ಬಂದಿತ್ತು. ಸಣ್ಣ ಸೆಮಿ ಆಟೊಮ್ಯಾಟಿಕ್. ಕೋಚ್ ಹತ್ತಿರ ಗೋಗರೆದೆ. ಅವರು ಮ್ಯಾಗಜೀನಿಗೆ ಐದು ಗುಂಡು ತುಂಬಿ ಕೊಟ್ಟರು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನನ್ನ ತಪ್ಪು ಇರುವುದು ಇಲ್ಲೇ.

ಏರ್ ಪಿಸ್ತೂಲಿನಲ್ಲಿ ಕೈಗೆ ತಾಗುವಂತೆ ಏನೂ ಹಿಂದೆ ಬರುವುದಿಲ್ಲ. ಸ್ಪರ್ಧೆಗೆ ಬಳಸುವ .22ರಲ್ಲಿ ಬೋಲ್ಟ್ ಅನ್ನುವ ಒಂದು ಲೋಹದ ತುಂಡು ಹಿಂದೆ ಮುಂದೆ ಆಡುತ್ತದೆ, ಆದರೆ ಅದು ತನ್ನ ಗೂಡಿನೊಳಗೇ ಆಡುತ್ತದೆ. ಒಂದು ವರ್ಷ ಇವೆರಡನ್ನೇ ಹಿಡಿದ ಕೈಗೆ ಪಿಸ್ತೂಲು ಅಂದರೆ ಕಲ್ಲಿನ ಹಾಗೆ ಇರುವ ವಸ್ತು. .32 ಹಾಗಲ್ಲ. ಅದರ ಮೇಲಿನ ಅರ್ಧ ಭಾಗ, ಅಂದರೆ ಸ್ಲೈಡ್, ಪ್ರತಿ ಗುಂಡಿಗೂ ಪೂರ್ತಿ ಹಿಂದಕ್ಕೆ ಹಾರಿ ಗುಂಡಿನ ಖಾಲಿ ಚಿಪ್ಪು ಎಸೆದು, ಹೊಸ ಗುಂಡು ತಳ್ಳಿಕೊಂಡು ಮುಂದೆ ಬರುತ್ತದೆ. ಕಣ್ಣಿಗೆ ಕಾಣುವುದೇ ಇಲ್ಲ. ಇಂಥ ಸಣ್ಣ ಪಿಸ್ತೂಲಿನಲ್ಲಿ ಸ್ಲೈಡನ್ನು ನಳಿಕೆಗೆ ಕಟ್ಟಿ ಹಿಡಿಯುವ ಬೀಗ ಇರುವುದಿಲ್ಲ. ಅದರ ತೂಕ ಮತ್ತು ಸ್ಪ್ರಿಂಗ್ ಎರಡೇ ತಡೆಯುವುದು. ಸ್ಲೈಡಿನ ಕೆಳಗಿನ ಅಂಚು ಮನೆಯ ಈಳಿಗೆಗಿಂತ ಕಡಿಮೆಯಿಲ್ಲ.

ವರ್ಷವಿಡೀ ಒಂದೇ ಕೈಯಲ್ಲಿ ಹೊಡೆದವನು ನಾನು. ನಮ್ಮ ಆಟದ ನಿಯಮವೇ ಅದು, ಇನ್ನೊಂದು ಕೈ ಪ್ಯಾಂಟಿನ ಜೇಬಿನಲ್ಲಿ. ಆದರೆ ಆವತ್ತು 'ಇದು ದೊಡ್ಡದು, ಒಂದು ಕೈಗೆ ಬಗ್ಗಲ್ಲ' ಅನ್ನಿಸಿತು. ಸಿನಿಮಾ ಪೊಲೀಸರ ಹಾಗೆ ಎರಡೂ ಕೈ ಹಾಕಿದೆ. ಅದನ್ನಾದರೂ ಸರಿಯಾಗಿ ಹಾಕಿದೆನಾ? ಇಲ್ಲ. ಗದ್ದೆಯಲ್ಲಿ ಕಬ್ಬು ಕಡಿಯುವ ಕೊಯ್ತಾ ಹಿಡಿದಂತೆ, ಎಡ ಹೆಬ್ಬೆರಳನ್ನು ಬಲಗೈಯ ಹಿಂಬದಿಗೆ ಅಡ್ಡ ಸುತ್ತಿದೆ. ಹೆಬ್ಬೆರಳು ಸ್ಲೈಡಿನ ನೇರ ಹಿಂದೆ. ಎರಡೂ ಹೆಬ್ಬೆರಳು ಒಂದೇ ಬದಿಯಲ್ಲಿ, ಮುಂದಕ್ಕೆ ಚಾಚಿರಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಒಂದು ವರ್ಷ ಹೊಡೆದವನು ಪಿಸ್ತೂಲು ಹಿಡಿಯುವುದು ಹೇಗೆ ಅಂತ ಕೇಳಿದರೆ ನಗುತ್ತಾರೆ ಅಲ್ವಾ?

ಕೋಚ್ ಹಿಂದಿನಿಂದ ಕೂಗಿದರಂತೆ: "ಅಂಗಠಾ! ಅಂಗಠಾ!" ಹೆಬ್ಬೆರಳು, ಹೆಬ್ಬೆರಳು ಅಂತ. ನನ್ನ ಕಿವಿಯ ಮೇಲೆ ಸದ್ದು ತಡೆಯುವ ಮಫ್. ಏನೋ ಹುರಿದುಂಬಿಸುತ್ತಿದ್ದಾರೆ ಅಂದುಕೊಂಡು ಟ್ರಿಗರ್ ಎಳೆದೆ.

ನೋವು ಮೊದಲು ಬರಲಿಲ್ಲ. ಹಿಡಿಕೆ ಒದ್ದೆ ಆಯಿತು, ನೋಡಿದರೆ ರಕ್ತ. ಗಾಬರಿಯಲ್ಲಿ ಕೋಚಿಗೆ ತೋರಿಸೋಣ ಅಂತ ತಿರುಗಲು ಹೋದೆ, ಪಿಸ್ತೂಲು ಕೈಯಲ್ಲೇ ಇತ್ತು. ಹೊಸ ಗುಂಡು ಆಗಲೇ ಒಳಗೆ ಕೂತಿತ್ತು, ಬೆರಳು ಟ್ರಿಗರ್ ಮೇಲೆ. ಕೋಚ್ ಓಡಿಬಂದು ನನ್ನ ಮಣಿಕಟ್ಟನ್ನು ಗುರಿಯ ಕಡೆಗೆ ಒತ್ತಿ ಹಿಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದ ಲೇನಿನಲ್ಲಿ ಹನ್ನೆರಡು ಹದಿಮೂರರ ಹುಡುಗಿಯೊಬ್ಬಳು ನಿಂತಿದ್ದಳು, ಅದು ಈಗಲೂ ಕಣ್ಣ ಮುಂದೆ ಬರುತ್ತದೆ.

ಮೂರು ಹೊಲಿಗೆ ಬಿತ್ತು. ಮನೆಯಲ್ಲಿ ಬೈಕಿನ ಚೈನಿಗೆ ಸಿಕ್ಕಿತು ಅಂದೆ. ಅಪ್ಪ ಚೈನ್ ಕವರ್ ಹಾಕಿಸಿಕೊಂಡು ಬಂದರು, ಪಾಪ.

ಗಾಯ ಎರಡು ವಾರದಲ್ಲಿ ಒಣಗಿತು. ಕೈಯೊಳಗೆ ಕೂತ ಹೆದರಿಕೆ ಹೋಗಲಿಲ್ಲ. ಮತ್ತೆ ಏರ್ ಪಿಸ್ತೂಲು ಹಿಡಿದರೆ ಎಲ್ಲ ಗುರಿಯ ನಡುವಿಗಿಂತ ಕೆಳಗೇ ಬೀಳುತ್ತಿತ್ತು. ಹತ್ತು ಅಂಕದ ಬದಲು ಏಳು, ಆರು, ಮತ್ತೆ ಏಳು. ಐದಾರು ಜೂಲ್ ಶಕ್ತಿಯ ಗಾಳಿ ಪಿಸ್ತೂಲಿಗೆ ಹೆದರುವುದುಂಟೇ? ನಾನು ಪಿಸ್ತೂಲಿನ ಮೇಲೆ ಗುರಿ ನೋಡುವ ಸೈಟ್ ಸರಿಯಿಲ್ಲ ಅಂದೆ. ಪೆಲೆಟ್, ಅಂದರೆ ಅದರ ಗುಂಡು, ಬದಲಾಯಿಸಿದೆ. ಚಪ್ಪಲಿಯನ್ನೂ ಬದಲಾಯಿಸಿದೆ. ಕೊನೆಗೆ ಕೋಚ್ ಒಂದು ಆಟ ಹೂಡಿದರು. .22 ಮ್ಯಾಗಜೀನಿಗೆ ನನಗೆ ಕಾಣದಂತೆ ನಾಲ್ಕು ನಿಜವಾದ ಗುಂಡು, ನಡುವೆ ಎಲ್ಲೋ ಒಂದು ಡಮ್ಮಿ. ಮೂರನೆಯ ಸಲ ಟ್ರಿಗರ್ ಎಳೆದೆ. ಸದ್ದಿಲ್ಲ. ಒದೆತವಿಲ್ಲ. ಆದರೂ ಪಿಸ್ತೂಲಿನ ಮೂತಿ ಗೇಣುದ್ದ ಕೆಳಗೆ ಬಗ್ಗಿತ್ತು. ಗುಂಡು ಹಾರುವ ಮೊದಲೇ ಕೈ ಅದನ್ನು ಅದುಮಲು ಹೋಗುತ್ತಿತ್ತು. ಇದಕ್ಕೆ ಫ್ಲಿಂಚ್ ಅನ್ನುತ್ತಾರೆ. ಬಿಡಿಸಿಕೊಳ್ಳಲು ಎಂಟು ತಿಂಗಳು ಬೇಕಾಯಿತು, ಬರೀ ಬಿಳಿ ಗೋಡೆಗೆ ಖಾಲಿ ಏರ್ ಪಿಸ್ತೂಲು ಹಿಡಿದು ಟ್ರಿಗರ್ ಎಳೆಯುತ್ತ. ಆ ವರ್ಷದ ರಾಜ್ಯ ಮಟ್ಟದ ಸ್ಪರ್ಧೆ ಹೋಯಿತು.

ಈಗ ನಿಮ್ಮ ಪ್ರಶ್ನೆಗೆ. .32 'ಮುಂದಿನ ಮೆಟ್ಟಿಲು' ಅಂದಿದ್ದೀರಿ. ಅದು ಮೆಟ್ಟಿಲೇ ಅಲ್ಲ ಅನ್ನುವುದು ನನ್ನ ವಾದ. 10 ಮೀಟರ್ ಏರ್ ಪಿಸ್ತೂಲಿನ ಗುರಿಯಲ್ಲಿ ಹತ್ತು ಅಂಕದ ನಡು ವೃತ್ತ 11.5 ಮಿಲಿಮೀಟರ್ ಅಗಲ. .22, .32 ಹೊಡೆಯುವ 25 ಮೀಟರ್ ಪ್ರಿಸಿಶನ್ ಗುರಿಯಲ್ಲಿ ಅದು 50 ಮಿಲಿಮೀಟರ್. ದೂರ ಎರಡೂವರೆ ಪಟ್ಟು ಜಾಸ್ತಿ, ವೃತ್ತ ನಾಲ್ಕು ಪಟ್ಟಿಗಿಂತ ದೊಡ್ಡದು. ಅಂದರೆ ನಿಮಗೆ ಬೋರ್ ಹೊಡೆಸುತ್ತಿರುವ ಗಾಳಿ ಪಿಸ್ತೂಲೇ ಜಾಸ್ತಿ ಕಷ್ಟದ ಗುರಿ. ಅದರಲ್ಲಿ ನಿಮ್ಮ ಸ್ಕೋರ್ ಎಷ್ಟು ಅಂತ ಪ್ರಶ್ನೆಯಲ್ಲಿ ಬರೆದೇ ಇಲ್ಲ, ಗಮನಿಸಿದೆ.

ರಾಹಿ 2018ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದದ್ದು .22ರಲ್ಲೇ. ನಮ್ಮ ಜಿಲ್ಲೆಯವರೇ ಆದ ಕಾಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ಕಂಚು ತಂದದ್ದೂ .22 ರೈಫಲಿನಲ್ಲಿ. ಒಲಿಂಪಿಕ್ಸ್‌ನ ಪಿಸ್ತೂಲು ಸ್ಪರ್ಧೆಗಳಲ್ಲಿ ಗಾಳಿ ಮತ್ತು .22 ಬಿಟ್ಟರೆ ಬೇರೆ ಇಲ್ಲ. .32ರಂಥ ದಪ್ಪ ಗುಂಡಿಗೆ ಸೆಂಟರ್ ಫೈರ್ ಅನ್ನುವ ಬೇರೆ ಸ್ಪರ್ಧೆ ಇದೆ, ಶೂಟರ್ ಜಸ್ಪಾಲ್ ರಾಣಾ 1994ರಲ್ಲಿ ಹಿರೋಶಿಮಾದ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು ಅದರಲ್ಲಿ. ಅದಕ್ಕಾಗಿ ಕೇಳುತ್ತಿದ್ದರೆ ಬೇರೆ ಮಾತು. ನೀವು ಕೇಳುತ್ತಿರುವುದು ಆ ಸದ್ದಿಗಾಗಿ. ಇನ್ನು ರೀಲ್ಸ್‌ನಲ್ಲಿ ನೋಡಿದ 9 ಎಂಎಂ ಮರೆತುಬಿಡಿ, ನಮ್ಮಲ್ಲಿ ಅದು ಪ್ರೊಹಿಬಿಟೆಡ್ ಬೋರ್, ಅಂದರೆ ಸಾಮಾನ್ಯರಿಗೆ ನಿಷೇಧಿಸಿದ ಅಳತೆ. ನಿಮಗೂ ನನಗೂ ಅಲ್ಲ.

ಇಷ್ಟು ಹೇಳಿದರೂ ನೀವು ಹೊಡೆದೇ ಹೊಡೆಯುತ್ತೀರಿ, ನನಗೆ ಗೊತ್ತು. ಹಾಗಿದ್ದರೆ .32 ರಿವಾಲ್ವರ್ ಕೇಳಿ. ಅದರಲ್ಲಿ ಸ್ಲೈಡ್ ಇಲ್ಲ. ಆದರೆ ಬೆರಳು ಸಿಲಿಂಡರಿನ ಮುಂಭಾಗದ ಸಂದಿಯ ಹತ್ತಿರ ಹೋಗಬಾರದು, ಅಲ್ಲಿಂದ ಬಿಸಿ ಅನಿಲ ಹಾರುತ್ತದೆ. ಮೊದಲು ಒಂದೇ ಗುಂಡು ತುಂಬಿಸಿಕೊಳ್ಳಿ, ಐದಲ್ಲ. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳುವುದನ್ನು ಹೇಳಬೇಕಿಲ್ಲ. ತಪ್ಪು ಕಂಡರೆ ಕೂಗಬೇಡಿ, ಭುಜ ಹಿಡಿದು ನಿಲ್ಲಿಸಿ ಅಂತ ಕೋಚಿಗೆ ಮೊದಲೇ ಹೇಳಿಡಿ. ಏನೇ ಆದರೂ ಮೂತಿ ಗುರಿಯ ಕಡೆಗೇ. ರಕ್ತ ಸುರಿಯುತ್ತಿದ್ದರೂ ಸರಿ, ಪಿಸ್ತೂಲು ಮೇಜಿನ ಮೇಲಿಟ್ಟ ಮೇಲೇ ಹಿಂದೆ ತಿರುಗಿ.

ನಾನು ಮತ್ತೆ .32 ಹೊಡೆದೆನಾ ಅಂತ ಕೇಳುತ್ತೀರೇನೋ. ಹೊಡೆದೆ, ಎರಡು ವರ್ಷದ ಮೇಲೆ. ರಿವಾಲ್ವರ್, ಒಂದೊಂದೇ ತುಂಬಿಸಿಕೊಂಡು ಐದು ಗುಂಡು, ಎಡಗೈ ಜೇಬಿನಲ್ಲಿ. ಐವತ್ತಕ್ಕೆ 43 ಬಂತು. ಅದೇ ದಿನ ಏರ್ ಪಿಸ್ತೂಲಿನ ಐದು ಹೊಡೆತಕ್ಕೆ 47 ಬಂದಿತ್ತು, ಬಸ್ಸಿನಲ್ಲಿ ಹಿಂದೆ ಬರುವಾಗ ಅದನ್ನೇ ನೆನೆದುಕೊಂಡು ಕೂತಿದ್ದೆ. ನಿಪ್ಪಾಣಿಯಲ್ಲಿ ಇಳಿದು ಚಹಾನೂ ಕುಡಿದೆ.