ಪವರ್ ರೇಂಜರ್ಸ್ ಸೀರಿಯಲ್ ಅಂದ್ರೆ ಪ್ರಾಣ, ಆದ್ರೆ 2017ರ ಸಿನಿಮಾ ಅರ್ಧಕ್ಕೇ ನಿಲ್ಲಿಸಿದೆ. ತಪ್ಪು ನನ್ನದಾ, ಸಿನಿಮಾದ್ದಾ?

ಇಬ್ಬರದೂ ಸ್ವಲ್ಪ ಸ್ವಲ್ಪ ಇದೆ. ಅರ್ಧಕ್ಕೆ ನಿಲ್ಲಿಸಿದೆ ಅಂದ್ರೆ, ರಾಕ್ಷಸರ ಜೊತೆ ಹೊಡೆದಾಡೋ ಐವರು ಹದಿಹರೆಯದ ರೇಂಜರ್‌ಗಳೂ ಒಟ್ಟಿಗೆ ಬಣ್ಣದ ಸೂಟ್ ಹಾಕುವ ಮೊದಲೇ ನೀವು ಎದ್ದು ಹೋಗಿದ್ದೀರಿ! ಎರಡು ಗಂಟೆಯ ಸಿನಿಮಾದಲ್ಲಿ ಅದು ಬರುವುದು ಕೊನೆಯ ಭಾಗದಲ್ಲಿ. ನನಗೂ ಮೊದಲ ಸಲ ತಾಳ್ಮೆ ಕೆಟ್ಟಿತ್ತು.

ನಾವು ಚಿಕ್ಕಂದಿನಲ್ಲಿ ನೋಡಿದ ಸೀರಿಯಲ್ ಹುಟ್ಟಿದ ರೀತಿಯೇ ಬೇರೆ. 1993ರಲ್ಲಿ ಅಮೆರಿಕದಲ್ಲಿ ಶುರುವಾದಾಗ ಹೊಡೆದಾಟದ ದೃಶ್ಯಗಳು ಹೆಚ್ಚಾಗಿ ಜಪಾನಿನ 'ಝ್ಯೂರೇಂಜರ್' ಸರಣಿಯಿಂದ ಬಂದವು. ಹೆಲ್ಮೆಟ್ ಹಾಕಿದರೆ ಜಪಾನ್, ತೆಗೆದರೆ ಅಮೆರಿಕ. ಒಂದು ಗುಟ್ಟು ಗಮನಿಸಿದ್ದೀರಾ? ಪಿಂಕ್ ರೇಂಜರ್ ಸೂಟಿಗೆ ಪುಟ್ಟ ಲಂಗ ಇದೆ, ಯೆಲ್ಲೋಗೆ ಇಲ್ಲ. ಯಾಕಂದ್ರೆ ಜಪಾನಿನಲ್ಲಿ ಯೆಲ್ಲೋ ಗಂಡು ಹುಡುಗ! ಖಳನಾಯಕಿ ರೀಟಾ ಕೂಡ ಮೊದಮೊದಲು ಜಪಾನಿನ ನಟಿಯೇ, ಮೇಲೆ ಇಂಗ್ಲಿಷ್ ಡಬ್ಬಿಂಗ್. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ.

ಅಂದ್ರೆ ಅಲ್ಲಿ ಫೈಟ್ ಮೊದಲೇ ರೆಡಿ ಇತ್ತು, ಕಥೆಯನ್ನು ಸುತ್ತ ಹೆಣೆದರು. ಆ ಮಕ್ಕಳ ಮನೆಯಲ್ಲಿ ಏನು ನಡೀತಿದೆ ಅಂತ ಹೇಳೋಕೆ ಪುರುಸೊತ್ತೇ ಇರಲಿಲ್ಲ. ನಿರ್ದೇಶಕ ಡೀನ್ ಇಸ್ರೇಲೈಟ್ ಸಿನಿಮಾದಲ್ಲಿ ಇದನ್ನೇ ತಿರುಗಿಸಿ ಹಾಕಿದರು. ಇಲ್ಲಿ ಮಕ್ಕಳೇ ಮೊದಲು, ಸೂಟ್ ಆಮೇಲೆ.

ಅದು ಚೆನ್ನಾಗಿಯೇ ಇದೆ ಅಂತ ನನ್ನ ಅಭಿಪ್ರಾಯ. ಬೆಂಕಿಯ ಸುತ್ತ ಕೂತು ಐವರೂ ಮಾತಾಡುವ ದೃಶ್ಯ ನೋಡಿ. ಅವರಲ್ಲಿ ಝ್ಯಾಕ್ ಯಾವಾಗಲೂ ಕುಣಿದಾಡೋ ಹುಡುಗ. ಅವನು ಕಾಯಿಲೆ ಬಿದ್ದ ಅಮ್ಮನ ವಿಷಯ ಎತ್ತಿದಾಗ ದನಿ ಸಣ್ಣಗಾಗುತ್ತದೆ. ತನಗೆ ಆಟಿಸಂ ಇದೆ ಅಂತ ಇನ್ನೊಬ್ಬ ರೇಂಜರ್ ಬಿಲ್ಲಿ, ತಂಡದ ನಾಯಕ ಜೇಸನ್‌ಗೆ ಮೊದಲೇ ಹೇಳಿರುತ್ತಾನೆ, ಸುಮ್ನೆ, ಯಾವ ಹಿನ್ನೆಲೆ ಸಂಗೀತದ ಗೋಳೂ ಇಲ್ಲದ ಹಾಗೆ. ಆರ್‌ಜೆ ಸೈಲರ್ ಬಿಲ್ಲಿಯ ಪಾತ್ರವನ್ನು ಹೊತ್ತುಕೊಂಡು ಓಡಿದ್ದಾನೆ.

ಎಡವಿದ್ದು ಕೊನೆಯಲ್ಲಿ. ಅಷ್ಟು ಹೊತ್ತು ಕಾಯಿಸಿ, ಹಳೇ ಶೀರ್ಷಿಕೆ ಗೀತೆಯನ್ನು ಒಂದು ಕ್ಷಣ ಹಾಕಿ ನಿಲ್ಲಿಸಿಬಿಟ್ಟರು. ನನಗಂತೂ ಊಟಕ್ಕೆ ಕೂರಿಸಿ ಎಲೆ ಎತ್ತಿದ ಹಾಗಾಯ್ತು. ರೀಟಾಳ ದೈತ್ಯ ಗೋಲ್ಡಾರ್ ಬರೀ ಕರಗಿದ ಚಿನ್ನದ ಗುಡ್ಡೆ, ಮಾತೂ ಇಲ್ಲ. ಡೋನಟ್ ಅಂಗಡಿಯ ಜಾಹೀರಾತಂತೂ ಜಾಸ್ತಿಯೇ ಆಯ್ತು.

ಖರ್ಚು ಸುಮಾರು 10 ಕೋಟಿ ಡಾಲರ್, ಇಡೀ ಜಗತ್ತಿನ ಗಳಿಕೆ ಸುಮಾರು 14 ಕೋಟಿ. ಥಿಯೇಟರ್‌ನವರ ಪಾಲು ಕಳೆದರೆ ಏನು ಉಳಿಯುತ್ತೆ ಹೇಳಿ. ಎರಡನೇ ಭಾಗ ಬರಲೇ ಇಲ್ಲ.

ಇನ್ನೊಮ್ಮೆ ಹಾಕಿ, ಬಿಟ್ಟಲ್ಲಿಂದಲೇ ಶುರು ಮಾಡಿ. ರೇಂಜರ್‌ಗಳ ಗುರು ಝೋರ್ಡಾನ್ ಮಾತಾಡುವಾಗ ಕಿವಿ ಕೊಡಿ. ಆ ನಟ ಬ್ರಯನ್ ಕ್ರಾನ್‌ಸ್ಟನ್, ಹೆಸರು ಮಾಡುವ ಮುಂಚೆ ಅದೇ ಹಳೇ ಸೀರಿಯಲ್‌ನಲ್ಲಿ ರಾಕ್ಷಸರಿಗೆ ದನಿ ಕೊಡ್ತಿದ್ದವರು.