ಪೂರ್ತಿ ಖಾತ್ರಿಯಾಗುವ ತನಕ ಕಾಯಬೇಕೆ? ಕ್ರೈಸ್ತ ದೃಷ್ಟಿಯಲ್ಲಿ ಸತ್ಯವನ್ನು ಹುಡುಕುವುದು, ಗುರುತಿಸುವುದು ಹೇಗೆ?

ಪ್ರತಿಯೊಂದು ಕ್ರೈಸ್ತ ಸಭೆಯೂ ಸತ್ಯ ತನ್ನಲ್ಲಿದೆ ಎನ್ನುತ್ತಿರುವಾಗ, ನೂರಕ್ಕೆ ನೂರು ಖಾತ್ರಿಯಾಗುವ ತನಕ ಏನನ್ನೂ ಒಪ್ಪದೆ ಓದುತ್ತಾ ಹೋಗುವುದೇ ಪ್ರಾಮಾಣಿಕ ಮಾರ್ಗವಲ್ಲವೇ ಎಂದು ಕೇಳಿದ್ದೀರಿ. ಅಲ್ಲ. ಆರು ವರ್ಷ ಅದನ್ನೇ ಮಾಡಿದವನಾದ್ದರಿಂದ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ನನ್ನ ಬಳಿ ನಾಲ್ಕು ನೋಟ್‌ಪುಸ್ತಕಗಳಿದ್ದವು. ಪ್ರತಿ ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ಪರ, ಬಲಕ್ಕೆ ವಿರೋಧ ಎಂದು ತಲೆಬರಹ ಕೊಟ್ಟು, ಓದಿದ್ದನ್ನೆಲ್ಲ ಅಲ್ಲಿ ಇಳಿಸುತ್ತಿದ್ದೆ. ಸತ್ತು ಎದ್ದುಬಂದ ಕ್ರಿಸ್ತನನ್ನು ಐನೂರಕ್ಕೂ ಹೆಚ್ಚು ಮಂದಿ ಒಮ್ಮೆಗೇ ಕಂಡರೆಂದೂ ಅವರಲ್ಲಿ ಬಹಳ ಮಂದಿ ಇನ್ನೂ ಬದುಕಿದ್ದಾರೆಂದೂ ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದದ್ದು ಎಡಗಡೆ. ಸಮಾಧಿಯ ಬಳಿಗೆ ಹೋದ ಹೆಂಗಸರು ಯಾರು ಯಾರು ಎಂಬುದನ್ನು ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳು ನಾಲ್ಕು ರೀತಿಯಲ್ಲಿ ಹೇಳುವುದು ಬಲಗಡೆ. ಎಡಗಡೆಯ ಸಾಲು ನಿಸ್ಸಂದೇಹವಾಗಿ ಗೆದ್ದ ದಿನ ದೀಕ್ಷಾಸ್ನಾನ ಮಾಡಿಸಿಕೊಳ್ಳುವುದು ಎಂಬುದು ನನ್ನ ತೀರ್ಮಾನವಾಗಿತ್ತು. ಸಭಾಪಾಲಕರು ವಿಚಾರಿಸಿದಾಗಲೆಲ್ಲ, ಇನ್ನೂ ಅಧ್ಯಯನ ನಡೆದಿದೆ ಎನ್ನುತ್ತಿದ್ದೆ. ಆ ಮಾತನ್ನು ಆಡುವಾಗ ಸಣ್ಣದೊಂದು ಹೆಮ್ಮೆಯೂ ಇರುತ್ತಿತ್ತು.

ಈ ಹುಡುಕಾಟ ಶುರುವಾಗುವುದಕ್ಕೆ ಕೆಲವೇ ತಿಂಗಳ ಮೊದಲು ನಮ್ಮ ಕಚೇರಿಯಲ್ಲಿ ಒಂದೇ ಬಿಲ್ಲಿಗೆ ಎರಡು ಸಲ ಹಣ ಪಾವತಿಯಾಗಿತ್ತು. ಎರಡನೆಯ ಸಲ ಅದನ್ನು ಪಟ್ಟಿಗೆ ಸೇರಿಸಿದವನು ನಾನು. ಪರಿಶೀಲಿಸಿದ್ದೇನೆಂದು ಸಹಿ ಹಾಕಿದವರು ಹಿರಿಯ ಸಹೋದ್ಯೋಗಿಯೊಬ್ಬರು. ಅದೂ ನಾನು "ನೋಡಿದ್ದೇನೆ ಸರ್, ಸರಿಯಿದೆ" ಎಂದದ್ದನ್ನು ನಂಬಿ. ವಿಚಾರಣೆಯಲ್ಲಿ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನನ್ನನ್ನು ಕರೆದು ಕೇಳಿದಾಗ, "ಹಾಗೆ ಹೇಳಿದ ನೆನಪಿಲ್ಲ" ಎಂದೆ. ನೆನಪಿತ್ತು. ಅವರ ಒಂದು ವರ್ಷದ ವೇತನ ಬಡ್ತಿಯನ್ನು ತಡೆಹಿಡಿದರು. ಆಮೇಲೂ ಅವರು ಮೂರು ಮೇಜುಗಳ ಆಚೆಗೆ ಕುಳಿತು ಕೆಲಸ ಮಾಡುತ್ತಿದ್ದರು, ನನ್ನೊಂದಿಗೆ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದರು.

ನನ್ನ ತಪ್ಪು ಯಾವುದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ಕೇಳಿದವರೆಲ್ಲ ಆ ಸುಳ್ಳೇ ತಪ್ಪು ಎಂದುಕೊಳ್ಳುತ್ತಾರೆ. ಅದು ಪಾಪ, ಒಪ್ಪಿದೆ. ಆದರೆ ಹುಡುಕಾಟವನ್ನು ಕೆಡಿಸಿದ್ದು ಇನ್ನೊಂದು. ನನಗೆ ಚೆನ್ನಾಗಿ ಗೊತ್ತಿದ್ದ ಒಂದು ಸತ್ಯವನ್ನು ಮೂಲೆಗೆ ತಳ್ಳಿ, ಗೊತ್ತಿಲ್ಲದ ನೂರು ಸತ್ಯಗಳ ಬೆನ್ನು ಹತ್ತಿದೆನಲ್ಲ, ಅದು. ಕ್ರಿಸ್ತನು ಎದ್ದದ್ದು ನಿಜವೇ ಆದರೆ ನಾನು ಮಾಡಬೇಕಾದ ಮೊದಲ ಕೆಲಸ ಯಾವುದೆಂದು ನನಗೆ ತಿಳಿದಿತ್ತು: ಎದ್ದು ಮೂರು ಮೇಜುಗಳ ಆಚೆಗೆ ಹೋಗುವುದು. ಆದ್ದರಿಂದ ಎಡಗಡೆಯ ಸಾಲು ಬೆಳೆದಾಗಲೆಲ್ಲ ನನ್ನ ಕೈ ತಾನಾಗಿಯೇ ಬಲಗಡೆಗೆ ಇನ್ನೊಂದು ಆಕ್ಷೇಪವನ್ನು ಹುಡುಕಿ ತರುತ್ತಿತ್ತು. ನಾನು ತೂಗುತ್ತಿದ್ದೇನೆಂದು ಭಾವಿಸಿದ್ದೆ. ನಿಜದಲ್ಲಿ ತಕ್ಕಡಿ ಹಿಡಿದವನ ಹೆಬ್ಬೆರಳು ಒಂದು ತಟ್ಟೆಯ ಮೇಲಿತ್ತು. ಹಾಗೆಂದು ನಾನು ಬರೆದುಕೊಂಡ ಆಕ್ಷೇಪಗಳು ಸುಳ್ಳಾಗಿದ್ದವು ಎಂದು ಹೇಳುತ್ತಿಲ್ಲ. ಕೆಲವಕ್ಕೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ. ಅವುಗಳಿಗೆ ಉತ್ತರ ಸಿಗದಿರಲಿ ಎಂಬ ಆಸೆ ನನಗಿತ್ತು, ಆ ಆಸೆ ನನಗೇ ಕಾಣುತ್ತಿರಲಿಲ್ಲ ಎಂಬುದೇ ತೊಂದರೆ. ಹಾಗಿರುವಾಗ ನೂರಕ್ಕೆ ನೂರು ಖಾತ್ರಿ ಬರುವುದಾದರೂ ಎಲ್ಲಿಂದ?

ಸಿಕ್ಕಿಬಿದ್ದದ್ದು ನನ್ನದೇ ಅಧ್ಯಯನದಲ್ಲಿ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಜಾನ್ ರೈಲೆಂಡ್ಸ್ ಗ್ರಂಥಾಲಯದಲ್ಲಿ ಯೋಹಾನನ ಸುವಾರ್ತೆಯ ಒಂದು ಪಪೈರಸ್ (ಜೊಂಡಿನಿಂದ ಮಾಡುತ್ತಿದ್ದ ಹಳೆಯ ಕಾಲದ ಕಾಗದ) ಚೂರಿದೆ. 1935ರಲ್ಲಿ ಅದು ಮೊದಲು ಪ್ರಕಟವಾಯಿತು. ಸಾಮಾನ್ಯವಾಗಿ ಅದನ್ನು 2ನೆಯ ಶತಮಾನದ್ದೆಂದು ಹೇಳುತ್ತಾರೆ, ಅಷ್ಟು ಹಳೆಯದೆಂದು ಖಚಿತವಾಗಿ ಹೇಳಲಾಗದು ಎನ್ನುವ ವಿದ್ವಾಂಸರೂ ಇದ್ದಾರೆ, ಹೀಗಾಗಿ ಅದು ನನ್ನ ಎರಡೂ ಸಾಲುಗಳಲ್ಲಿ ಜಾಗ ಪಡೆದಿತ್ತು. ಅಳತೆಯ ಅಂದಾಜಿರಲೆಂದು ಸುಮಾರು 9 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಕಾಗದವನ್ನು ಕತ್ತರಿಸಿ ಅಂಗೈಯಲ್ಲಿಟ್ಟುಕೊಂಡೆ. ಅಂಗೈಗಿಂತ ಚಿಕ್ಕದು. ಅದರ ಎರಡೂ ಬದಿಯಲ್ಲಿ ಬರಹವಿದೆ, ಅಂದರೆ ಅದು ಸುರುಳಿಯದ್ದಲ್ಲ, ಪುಸ್ತಕದ ಹಾಳೆ. ಎರಡೂ ಬದಿಯ ಸಾಲುಗಳು 18ನೆಯ ಅಧ್ಯಾಯದ್ದು: ಒಂದು ಬದಿಗೆ ಯೆಹೂದ್ಯರೊಂದಿಗೆ, ಯೇಸುವಿನ ವಿಚಾರಣೆ ನಡೆಸಿದ ರೋಮನ್ ಅಧಿಪತಿ ಪಿಲಾತನ ಮಾತು, ಹಿಂಬದಿಗೆ ಯೇಸುವಿನೊಂದಿಗೆ ಅವನ ಸಂಭಾಷಣೆ. ಸತ್ಯಕ್ಕೆ ಸಾಕ್ಷಿ ಹೇಳುವುದಕ್ಕಾಗಿ ಬಂದೆನೆಂದು ಯೇಸು ಹೇಳುವುದು, ಸತ್ಯವೆಂದರೇನು ಎಂದು ಪಿಲಾತನು ಕೇಳುವುದು ಇಲ್ಲಿಯೇ.

ಚೂರು ಹರಿದಿರುವುದರಿಂದ ಸಾಲುಗಳು ಅರ್ಧಂಬರ್ಧ. ಪೂರ್ತಿ ಓದೋಣವೆಂದು ಬೈಬಲ್ ತೆರೆದೆ. ಆ ಪ್ರಶ್ನೆಯನ್ನು ಅದೆಷ್ಟೋ ಸಲ ಓದಿದ್ದೆ, ಅದು ನನ್ನದೇ ಪ್ರಶ್ನೆ ಎಂದು ಪಿಲಾತನ ಮೇಲೆ ಸ್ವಲ್ಪ ಮಮತೆಯೂ ಇತ್ತು. ಆದರೆ ಪ್ರಶ್ನೆ ಕೇಳಿದವನು ಉತ್ತರಕ್ಕೆ ನಿಲ್ಲದೆ ಹೊರಗೆ ಹೋಗುತ್ತಾನೆ, ಹೋಗಿ ಆಡುವ ಮೊದಲ ಮಾತೇ, ಇವನಲ್ಲಿ ನನಗೆ ಯಾವ ಅಪರಾಧವೂ ಕಾಣಲಿಲ್ಲ ಎಂಬುದು. ಮುಂದಿನ ಅಧ್ಯಾಯದಲ್ಲಿ ಅದನ್ನೇ ಇನ್ನೆರಡು ಸಲ ಹೇಳುತ್ತಾನೆ. ಒಟ್ಟು ಮೂರು ಸಲ. ಸತ್ಯವೆಂದರೇನೆಂದು ಕೇಳಿದವನ ಕೈಯಲ್ಲಿ ಒಂದು ಸತ್ಯ ಸಂದೇಹವಿಲ್ಲದೆ ಇತ್ತು, ಎದುರಿಗಿರುವವನು ನಿರಪರಾಧಿ ಎಂಬುದು, ಮತ್ತು ಅದರಂತೆ ನಡೆಯಲು ಬೇಕಾದ ಅಧಿಕಾರವೂ ಅವನ ಕೈಯಲ್ಲೇ ಇತ್ತು. ಆದರೂ ಶಿಲುಬೆಗೆ ಒಪ್ಪಿಸಿಬಿಟ್ಟ. ಅಂಗೈಯಲ್ಲಿದ್ದ ಕಾಗದವನ್ನು ನೋಟ್‌ಪುಸ್ತಕದೊಳಗಿಟ್ಟು ಮುಚ್ಚಿದೆ. ಅಂದು ಮತ್ತೆ ಬರೆಯಲಾಗಲಿಲ್ಲ.

ನೀವು ಕೇಳುವುದು "ಮೊದಲು ತಿಳಿಯಲಿ, ಆಮೇಲೆ ನಡೆಯುತ್ತೇನೆ" ಎಂಬ ಕ್ರಮದಲ್ಲಿ. ಯೇಸು ಈ ಕ್ರಮವನ್ನು ತಿರುವಿಹಾಕುತ್ತಾನೆ: ದೇವರ ಚಿತ್ತದಂತೆ ನಡೆಯಲು ಮನಸ್ಸು ಮಾಡಿದವನಿಗೆ ತನ್ನ ಬೋಧನೆ ದೇವರದ್ದೋ ಅಲ್ಲವೋ ಎಂದು ಗೊತ್ತಾಗುವುದು ಎನ್ನುತ್ತಾನೆ (ಯೋಹಾನ 7:17). ಅದೇ ಸುವಾರ್ತೆಯ 3:21ರಲ್ಲಿ ಬೆಳಕಿಗೆ ಬರುವವನನ್ನು ಮೂಲ ಗ್ರೀಕಿನಲ್ಲಿ "ಸತ್ಯವನ್ನು ಮಾಡುವವನು" ಎಂದೇ ಕರೆದಿದೆ. ಹೀಬ್ರೂವಿನಲ್ಲಿ ಸತ್ಯಕ್ಕಿರುವ "ಎಮೆತ್" ಎಂಬ ಪದ "ಆಮೆನ್" ಹುಟ್ಟಿದ ಧಾತುವಿನಿಂದಲೇ ಬಂದದ್ದು. ಭಾರ ಹಾಕಿದರೂ ಕುಸಿಯದೆ ನಿಲ್ಲುವುದು ಎಂಬ ಅರ್ಥ ಅದರೊಳಗಿದೆ. ಭಾರ ಹಾಕದೆ ಅದು ನಿಲ್ಲುತ್ತದೋ ಇಲ್ಲವೋ ಎಂದು ತಿಳಿಯುವ ದಾರಿ ನನಗಂತೂ ಕಾಣದು. ಒಂಬತ್ತು ವರ್ಷ ಮಾನಿ ಎಂಬ ಪರ್ಷಿಯನ್ ಬೋಧಕನ ಪಂಥದೊಂದಿಗಿದ್ದು, ಕ್ರಿ.ಶ. 386ರಲ್ಲಿ ಮಿಲಾನಿನಲ್ಲಿ ಕ್ರಿಸ್ತನ ಕಡೆಗೆ ತಿರುಗಿ, 387ರಲ್ಲಿ ಅಲ್ಲಿನ ಬಿಷಪ್ ಅಂಬ್ರೋಸನಿಂದ ದೀಕ್ಷಾಸ್ನಾನ ಪಡೆದ ಕ್ರೈಸ್ತ ಚಿಂತಕ ಅಗಸ್ಟೀನನು ತನ್ನ ಆತ್ಮನಿವೇದನೆಯಲ್ಲಿ ಒಂದು ಕಡೆ, ಸತ್ಯ ಇನ್ನೂ ಖಚಿತವಾಗಿಲ್ಲ ಎಂಬ ಹಳೆಯ ನೆಪವೂ ತನಗೆ ಉಳಿಯಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಅಲ್ಲಿಂದಾಚೆಗೂ ಅವನು ತಡಮಾಡಿದ. ಜನರು ಬೆಳಗುವ ಸತ್ಯವನ್ನು ಪ್ರೀತಿಸುತ್ತಾರೆ, ಗದರಿಸುವ ಸತ್ಯವನ್ನು ದ್ವೇಷಿಸುತ್ತಾರೆ ಎಂದವನೂ ಅವನೇ.

ಇನ್ನು ಗುರುತಿಸುವ ವಿಷಯ. ಪ್ರಾರ್ಥಿಸಿದಾಗ ಮನಸ್ಸಿಗೆ ಸಮಾಧಾನ ಸಿಕ್ಕಿದರೆ ಅದೇ ಸತ್ಯ ಎಂದು ನಿಮಗೆ ಹೇಳುವವರು ಬಹಳ ಮಂದಿ ಸಿಗುತ್ತಾರೆ. ದಯವಿಟ್ಟು ನಂಬಬೇಡಿ. ದೇವರಿಂದ ಓಡಿಹೋಗುತ್ತಿದ್ದ ಪ್ರವಾದಿ ಯೋನನು ಬಿರುಗಾಳಿಯ ನಡುವೆ ಹಡಗಿನ ತಳದಲ್ಲಿ ಗಾಢ ನಿದ್ರೆಯಲ್ಲಿದ್ದ. ನನಗೂ ಆ ಆರು ವರ್ಷ ಚೆನ್ನಾಗಿಯೇ ನಿದ್ರೆ ಬರುತ್ತಿತ್ತು. ಪೌಲನ ಮಾತನ್ನೇ ಆಗಲಿ ಸುಮ್ಮನೆ ನುಂಗದೆ ದಿನದಿನವೂ ಶಾಸ್ತ್ರದೊಂದಿಗೆ ಹೋಲಿಸಿ ನೋಡಿದ ಬೆರೋಯ ಊರಿನವರನ್ನು ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕ ಹೊಗಳುತ್ತದೆ, ಹಾಗೆಯೇ ಮಾಡಿ. ಸುವಾರ್ತೆ ಬರೆದ ಲೂಕನು ಮೊದಲಿನಿಂದ ಎಲ್ಲವನ್ನೂ ವಿಚಾರಿಸಿ ಬರೆದೆನೆನ್ನುತ್ತಾನೆ, ಆದ್ದರಿಂದ ವಿಚಾರಿಸುವುದು ಅವಿಶ್ವಾಸವಲ್ಲ. ಯಾವ ಸಭೆ ಎಂಬ ನಿಮ್ಮ ಉಪಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ನಿಮ್ಮ ತಪ್ಪನ್ನು ನಿಮ್ಮ ಮುಖಕ್ಕೆ ಹೇಳಬಲ್ಲವರು ಇರುವ ಕಡೆ ಹೋಗಿ. ಆದರೆ ಇವೆಲ್ಲಕ್ಕೂ ಮೊದಲು, ನಿಮಗೆ ಈಗಾಗಲೇ ಗೊತ್ತಿದ್ದೂ ನೀವು ನಡೆಸದೆ ಇಟ್ಟಿರುವುದು ಯಾವುದೆಂದು ಒಂದು ಚೀಟಿಯಲ್ಲಿ ಬರೆಯಿರಿ. ಏನೂ ಇಲ್ಲದಿದ್ದರೆ ನನ್ನ ಉತ್ತರ ನಿಮಗೆ ಸಂಬಂಧಿಸಿದ್ದಲ್ಲ, ಬೇರೆಯವರದನ್ನು ಓದಿ.

ಮಾರನೆಯ ವಾರ ನಾನು ಆ ಹಿರಿಯರ ಬಳಿ ಹೋಗಿ, ನನಗೆ ನೆನಪಿತ್ತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೆದು ಕೊಡ್ತೀರಾ?" ಎಂದರು. ಬಾಯಲ್ಲಿ ಹೇಳಿ ಕಣ್ಣೊರೆಸಿಕೊಂಡರೆ ಮುಗಿಯುತ್ತದೆಂದು ಎಣಿಸಿದ್ದ ನನಗೆ ಅದು ನಿರೀಕ್ಷೆಯಲ್ಲಿರಲಿಲ್ಲ. ಆ ಪತ್ರವನ್ನು ನಾಲ್ಕು ಸಲ ಬರೆದೆ. ಮೊದಲ ಮೂರರಲ್ಲಿಯೂ "ಆ ದಿನಗಳಲ್ಲಿ ಕೆಲಸದ ಒತ್ತಡ ವಿಪರೀತವಾಗಿತ್ತು" ಎಂಬ ವಾಕ್ಯವಿತ್ತು. ಅದು ನಿಜವಾದ ವಾಕ್ಯವೇ. ಆದರೂ ಅದು ಅಲ್ಲಿ ಸುಳ್ಳಿನ ಕೆಲಸವನ್ನು ಮಾಡುತ್ತಿತ್ತು, ತೆಗೆದ ಮೇಲೆ ಪತ್ರ ಐದು ಸಾಲಿಗೆ ಇಳಿಯಿತು. ಅದನ್ನು ಅವರಿಗೆ ತೋರಿಸಿದಾಗ ಅವರು ಕ್ಷಮಿಸಿದೆನೆಂದಾಗಲಿ ಇಲ್ಲವೆಂದಾಗಲಿ ಹೇಳಲಿಲ್ಲ. ನಿಧಾನವಾಗಿ ಎರಡು ಸಲ ಓದಿ, ನನ್ನಿಂದ ಪೆನ್ನು ಕೇಳಿ ಪಡೆದು, ವಿಚಾರಣೆಯ ತಾರೀಖನ್ನು ನಾನು ತಪ್ಪಾಗಿ ಬರೆದಿದ್ದನ್ನು ಹೊಡೆದು ಸರಿಯಾದದ್ದನ್ನು ಮೇಲೆ ಬರೆದರು. "ಇದನ್ನ ಇನ್ನೊಂದು ಸಲ ಬರೀರಿ" ಎಂದು ಹಿಂದಕ್ಕೆ ಕೊಟ್ಟರು.