ರಾಮದುರ್ಗವನ್ನು ಬಿಟ್ಟು ಲಸಿಕೆಯ ಬಗ್ಗೆ ಬರೆಯಲಾದೀತೇ?

ಜಮಖಂಡಿಯಿಂದ ಲೇಖನ ಕಳಿಸಿದ ಗೆಳೆಯರಿಗೆ ನಮಸ್ಕಾರ.

‘ಲಸಿಕೆ: ವಿಜ್ಞಾನದ ಗೆಲುವು, ಅಜ್ಞಾನದ ಸೋಲು’ ಪೂರ್ತಿ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ‘ವಿಷಾದವಿದೆ’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳುವ ಬರಹವೂ ಇದಲ್ಲ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ ಎಂದು ಬರೆದಿದ್ದೀರಿ. ಅದು ಲೇಖನದ ತುಂಬ ಕಾಣುತ್ತದೆ. ನೀವು ಓದುಗರ ಜೊತೆ ಮಾತಾಡುತ್ತಿಲ್ಲ, ಹಾಜರಿ ತೆಗೆದುಕೊಂಡು ಪಾಠ ಶುರು ಮಾಡಿದ್ದೀರಿ.

ಮೊದಲ ನಾಲ್ಕು ಪುಟ ಜೆನ್ನರ್, ಪಾಶ್ಚರ್, 1796ರ ಸಿಡುಬಿನ ಲಸಿಕೆ. ಇದು ಶಾಲೆಯ ಪುಸ್ತಕದಲ್ಲೇ ಇದೆ, ತೆಗೆಯಿರಿ. ಇಂಗ್ಲೆಂಡಿನ ದನದ ಕೊಟ್ಟಿಗೆಯವರೆಗೆ ಹೋಗಿ ಬಂದ ನೀವು ಬೆಳಗಾವಿಯ ಟಿಳಕವಾಡಿಯ ವ್ಯಾಕ್ಸಿನ್ ಡಿಪೊಗೆ ಹೋಗಲಿಲ್ಲ. ಬ್ರಿಟಿಷರ ಕಾಲದಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗ ಅದು. ಆ ಕಾಲದಲ್ಲಿ ಈ ಲಸಿಕೆಯನ್ನು ಕರುಗಳ ಚರ್ಮದ ಮೇಲೆ ಬೆಳೆಸುತ್ತಿದ್ದರು. ಈಗ ವಾಕಿಂಗ್ ಹೋಗುವವರಿಗೆ ಅದು ಬರೀ ಮೈದಾನದ ಹೆಸರು.

ಇನ್ನು ವಿಜ್ಞಾನ. ಇಲ್ಲಿ ನಾನು ಸ್ವಲ್ಪ ಕಟುವಾಗುತ್ತೇನೆ, ಏಕೆಂದರೆ ಇದು ನಿಮ್ಮದೇ ವಿಷಯ. ‘ಕೊವ್ಯಾಕ್ಸಿನ್ 77.8 ಶೇಕಡಾ ಪರಿಣಾಮಕಾರಿ, ಅಂದರೆ ಹಾಕಿಸಿಕೊಂಡ ನೂರು ಜನರಲ್ಲಿ 22 ಜನರಿಗೆ ಕೋವಿಡ್ ಬಂದೇ ಬರುತ್ತದೆ’ ಎಂದಿದ್ದೀರಿ. ಹಾಗಲ್ಲ. ಸುಮಾರು 25 ಸಾವಿರ ಜನರ ಮೇಲೆ ನಡೆದ ಆ ಮೂರನೇ ಹಂತದ ಪರೀಕ್ಷೆಯಲ್ಲಿ ಅರ್ಧ ಜನರಿಗೆ ಲಸಿಕೆ ಕೊಟ್ಟರು, ಉಳಿದರ್ಧ ಜನರಿಗೆ ಲಸಿಕೆ ಇಲ್ಲದ ಸೂಜಿ. ಎರಡನೇ ಗುಂಪಿನಲ್ಲಿ 106 ಜನ ಕಾಯಿಲೆ ಬಿದ್ದರು, ಲಸಿಕೆ ಪಡೆದವರಲ್ಲಿ 24 ಜನ. 77.8 ಹುಟ್ಟಿದ್ದು ಈ ಎರಡು ಗುಂಪುಗಳನ್ನು ಹೋಲಿಸಿದ್ದರಿಂದ: ಲಸಿಕೆ ಪಡೆದವರಲ್ಲಿ ಕಾಯಿಲೆ ಅಷ್ಟು ಶೇಕಡಾ ಕಡಿಮೆ. 106 ಮತ್ತು 24 ಎಂದು ಬರೆದುಬಿಟ್ಟರೆ ಸಾಕು, ಸಂತೆಯಲ್ಲಿ ಲೆಕ್ಕ ಮಾಡುವವರಿಗೂ ತಿಳಿಯುತ್ತದೆ. ಇದೇ ಲಸಿಕೆಯ ಮೊದಲ ಹಂತದ ಪರೀಕ್ಷೆಗೆ 2020ರ ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಆರಿಸಿದ 12 ಆಸ್ಪತ್ರೆಗಳಲ್ಲಿ ಬೆಳಗಾವಿಯದೂ ಒಂದು ಇತ್ತು. ನಿಮ್ಮ ಲೇಖನದಲ್ಲಿ ಅದಿಲ್ಲ.

ಇನ್ನೊಂದು ಅದಕ್ಕಿಂತ ದೊಡ್ಡ ತಪ್ಪು. ದೇಹವನ್ನು ಕೋಟೆ ಮಾಡಿದ್ದೀರಿ, ರೋಗಾಣುವನ್ನು ಹಿಡಿದು ತಡೆಯುವ ಆಂಟಿಬಾಡಿಗಳನ್ನು ಸೈನಿಕರನ್ನಾಗಿ ಮಾಡಿದ್ದೀರಿ. ಸರಿ, ಎಲ್ಲರೂ ಮಾಡುತ್ತಾರೆ. ಆದರೆ ಆ ಉಪಮೆಯ ಬೆನ್ನು ಹತ್ತಿ ‘ಆರು ತಿಂಗಳಲ್ಲಿ ಸೈನಿಕರು ಖಾಲಿ, ರಕ್ಷಣೆಯೂ ಖಾಲಿ’ ಎಂದು ಬರೆದಿರಿ. ರಕ್ತದಲ್ಲಿ ಆಂಟಿಬಾಡಿ ಇಳಿಯುವುದು ಸಹಜ. ಅದನ್ನು ಮತ್ತೆ ತಯಾರಿಸಬಲ್ಲ ನೆನಪಿನ ಕೋಶಗಳು ಉಳಿದಿರುತ್ತವೆ. ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ 1781ರಲ್ಲಿ ದಡಾರ ಬಂದು ಹೋಯಿತು. ಮತ್ತೆ ಬಂದದ್ದು 1846ರಲ್ಲಿ. ಮೊದಲ ಸಲ ದಡಾರ ಬಂದಿದ್ದ ಮುದುಕರಿಗೆ ಎರಡನೇ ಸಲ ಅದು ತಾಗಲಿಲ್ಲ ಎಂದು ಪಾನುಮ್ ಎಂಬ ಡೆನ್ಮಾರ್ಕಿನ ವೈದ್ಯ ಬರೆದಿಟ್ಟ. 65 ವರ್ಷದ ನೆನಪು! ಜೆನ್ನರ್ ಬದಲು ಈ ಕಥೆ ಹೇಳಿ.

ಹಾಗಾದರೆ ಕೋವಿಡ್ ಲಸಿಕೆ ಹಾಕಿಸಿಕೊಂಡವರಿಗೆ ಮತ್ತೆ ಯಾಕೆ ಬಂತು ಎಂದು ಓದುಗ ಕೇಳುತ್ತಾನೆ. ಕೇಳಲೇಬೇಕು. ದಡಾರದ ವೈರಸ್ ಮೈಗೆ ಸೇರಿ ಕಾಯಿಲೆಯಾಗಿ ಕಾಣಿಸಲು ಹತ್ತು ಹನ್ನೆರಡು ದಿನ ಬೇಕು. ಅಷ್ಟರಲ್ಲಿ ನೆನಪಿನ ಕೋಶಗಳು ಎಚ್ಚೆತ್ತು ಕೆಲಸ ಮುಗಿಸುತ್ತವೆ. ಕೋವಿಡ್‌ನಲ್ಲಿ ಅಷ್ಟು ಪುರುಸೊತ್ತಿಲ್ಲ, ಕೆಲವೇ ದಿನಗಳಲ್ಲಿ ಜ್ವರ. ಮೇಲಾಗಿ ಆ ವೈರಸ್ ರೂಪ ಬದಲಿಸುತ್ತಲೇ ಇರುತ್ತದೆ. ಹಾಗಾಗಿ ಸೋಂಕು ತಪ್ಪಲಿಲ್ಲ, ಆಸ್ಪತ್ರೆ ಸೇರುವುದು ಮತ್ತು ಸಾವು ಬಹಳ ಕಡಿಮೆಯಾದವು. ‘ಲಸಿಕೆ ಸಂಪೂರ್ಣ ರಕ್ಷಣೆ’ ಎಂಬ ನಿಮ್ಮ ಮಾತಿಗಿಂತ ಇದನ್ನು ಜನ ಬೇಗ ನಂಬುತ್ತಾರೆ, ಏಕೆಂದರೆ ತಮ್ಮ ಮನೆಯಲ್ಲೇ ನೋಡಿದ್ದಾರೆ.

ವೈರಸ್ಸಿನ ಒಂದು ತುಣುಕನ್ನು ತಯಾರಿಸಲು ನಮ್ಮ ಕೋಶಗಳಿಗೆ ಸೂಚನೆ ಕೊಡುವ ಎಂಆರ್‌ಎನ್‌ಎ ಲಸಿಕೆ ‘ಒಂದೇ ವರ್ಷದಲ್ಲಿ ಸಿದ್ಧವಾದ ಪವಾಡ’ ಅಲ್ಲ. ಕಾರಿಕೊ ಮತ್ತು ವೈಸ್‌ಮನ್ ಎಂಬ ವಿಜ್ಞಾನಿಗಳು ಅದಕ್ಕೆ ದಾರಿ ಮಾಡಿದ ಕೆಲಸವನ್ನು ಪ್ರಕಟಿಸಿದ್ದು 2005ರಲ್ಲಿ, ನೊಬೆಲ್ ಬಂದದ್ದು 2023ರಲ್ಲಿ. ಇಷ್ಟು ತಿದ್ದಿದರೆ ಆಯಿತು.

ಈಗ ಮುಖ್ಯ ವಿಷಯ. ‘ನಮ್ಮ ಭಾಗದ ಮೂಢ ಜನ ಸುಮ್ನೆ ಹೆದರುತ್ತಾರೆ’ ಎಂದು ಐದನೇ ಪುಟದಲ್ಲಿದೆ. ಸುಮ್ನೆ ಅಲ್ಲ. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದಿನ ನಂತರ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಇಟ್ಟುಕೊಂಡ, ಕೊಟ್ಟ ರೀತಿಯಲ್ಲಿ ನಿರ್ಲಕ್ಷ್ಯವಾಗಿದೆ ಎಂದು ಪ್ರಾಥಮಿಕ ತನಿಖೆ ಹೇಳಿತು, ಸಿಬ್ಬಂದಿ ಅಮಾನತಾದರು. ರಾಮದುರ್ಗ ನಿಮಗೆ ದೂರವೇನಲ್ಲ. ಈ ಸುದ್ದಿ ನಿಮಗೆ ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. ಬರೆದರೆ ಜನ ಇನ್ನೂ ಹೆದರುತ್ತಾರೆ ಎಂದು ಬಿಟ್ಟಿರಬೇಕು, ಅಲ್ವಾ?

ಬಿಡಬಾರದಿತ್ತು. ನಮ್ಮ ಓದುಗರಿಗೆ ಅದು ಮೊದಲೇ ಗೊತ್ತು. ನೀವು ಅದನ್ನು ದಾಟಿ ಹೋದ ಕ್ಷಣವೇ ಅವರು ನಿಮ್ಮನ್ನು ನಂಬುವುದು ಬಿಡುತ್ತಾರೆ. ಮತ್ತು ಜೀವಶಾಸ್ತ್ರ ಗೊತ್ತಿರುವವರು ಮಾತ್ರ ಬಿಡಿಸಿ ಹೇಳಬಹುದಾದ ಸಂಗತಿ ಅಲ್ಲೇ ಇದೆ. ಈ ಲಸಿಕೆ ಪುಡಿಯಾಗಿ ಬರುತ್ತದೆ. ಅದರ ಜೊತೆಗೇ ಬರುವ ದ್ರಾವಣದಲ್ಲಿ ಕಲಸಿದ ಮೇಲೆ ನಾಲ್ಕು ತಾಸಿನೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಕೆಡದಂತೆ ಕಾಯುವ ರಾಸಾಯನಿಕ ಅದರಲ್ಲಿಲ್ಲ. ಕಲಸುವಾಗ ಕೈಯಿಂದಲೋ ಸೂಜಿಯಿಂದಲೋ ಬ್ಯಾಕ್ಟೀರಿಯಾ ಸೇರಿದರೆ ಬಾಟಲಿಯೊಳಗೇ ಬೆಳೆಯುತ್ತದೆ. ಅದು ಉಗುಳುವ ವಿಷ ಕೂಸಿನ ಜೀವಕ್ಕೆ ಎರವಾಗಬಹುದು. ಅದಕ್ಕೇ ಕಲಸಿದ ಸಮಯವನ್ನು ಬಾಟಲಿಯ ಮೇಲೆ ಬರೆಯಬೇಕೆಂಬ ನಿಯಮವಿದೆ, ಅರ್ಧ ಗಂಟೆ ಅಲ್ಲೇ ಕೂರಿಸಬೇಕೆಂಬ ನಿಯಮವಿದೆ. ‘ಅಕ್ಕಾರ, ಈ ಬಾಟ್ಲಿ ಎಷ್ಟು ಗಂಟೆಕ್ಕ ಕಲಸೀರಿ?’ ಎಂದು ತಾಯಿ ನರ್ಸಮ್ಮನನ್ನು ಕೇಳಬಹುದು. ಇದನ್ನು ಬರೆಯಿರಿ. ಹೆದರಿದವರಿಗೆ ಹೆದರಬೇಡಿ ಎಂದು ಬೈಯುವುದಕ್ಕಿಂತ, ಏನು ನೋಡಬೇಕು, ಏನು ಕೇಳಬೇಕು ಎಂದು ತಿಳಿಸುವುದು ಮೇಲು.

ಬೈದರೆ ಆಗುವುದೂ ಅಷ್ಟಕ್ಕಷ್ಟೇ. ದಡಾರ, ಮಂಗನಬಾವು, ರುಬೆಲ್ಲಾಗೆ ಕೊಡುವ ಎಂಎಂಆರ್ ಲಸಿಕೆಯಿಂದ ಆಟಿಸಂ ಬರುವುದಿಲ್ಲ ಎಂದು ಅಮೆರಿಕದ ತಂದೆತಾಯಂದಿರಿಗೆ ಪುರಾವೆ ಕೊಟ್ಟು ನೋಡಿದ ಅಧ್ಯಯನವೊಂದು 2014ರಲ್ಲಿ ಬಂತು. ತಪ್ಪು ನಂಬಿಕೆಯೇನೋ ಕಡಿಮೆಯಾಯಿತು. ಆದರೆ ಮೊದಲೇ ತೀರ ವಿರೋಧವಿದ್ದವರಲ್ಲಿ ಲಸಿಕೆ ಹಾಕಿಸುವ ಮನಸ್ಸು ಇನ್ನೂ ಇಳಿಯಿತು. ಹರಿಯಾಣದ 521 ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ‘ನಿಮ್ಮೂರಲ್ಲಿ ಸುದ್ದಿ ಹಬ್ಬಿಸುವುದರಲ್ಲಿ ಯಾರು ಜಾಣರು?’ ಎಂದು ಊರವರನ್ನೇ ಕೇಳಿ, ಅಂಥವರಿಗೆ ಲಸಿಕೆ ಶಿಬಿರದ ಮಾಹಿತಿ ಕೊಟ್ಟರು. ಯಾರೋ ಒಬ್ಬರಿಗೆ ಮಾಹಿತಿ ಕೊಟ್ಟ ಊರುಗಳಿಗಿಂತ ಅಲ್ಲಿ ಪ್ರತಿ ತಿಂಗಳು ಲಸಿಕೆ ಪಡೆದ ಮಕ್ಕಳು 22 ಶೇಕಡಾ ಜಾಸ್ತಿ. ನಮ್ಮೂರ ಕಟ್ಟೆಯ ಮೇಲೆ ಕೂತವರಿಗೆ ಇದು ಹೊಸ ಸಂಶೋಧನೆ ಅನ್ನಿಸಲಿಕ್ಕಿಲ್ಲ.

ನಿಮ್ಮ ಲೇಖನದಲ್ಲಿ ನನಗೆ ನಿಜಕ್ಕೂ ಇಷ್ಟವಾದದ್ದು ಆರನೇ ಪುಟದ ಚಿಗವ್ವ. ಮುಂಗಡ ತೆಗೆದುಕೊಂಡು ಗ್ಯಾಂಗ್ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವಳು, ಕೂಸಿನ ಎರಡನೇ ದಡಾರದ ಸೂಜಿ ತಪ್ಪಿದ್ದು, ತಾಯಿ ಕಾರ್ಡು ಊರಲ್ಲೇ ಟ್ರಂಕಿನೊಳಗೆ ಉಳಿದದ್ದು. ಎಷ್ಟು ಚೆಂದ ನೋಡಿದ್ದೀರಿ! ಆಮೇಲೆ ‘ಇದೇ ಹಿಂಜರಿಕೆಯ ಫಲ’ ಎಂದು ಷರಾ ಬರೆದು ಕೆಡಿಸಿದಿರಿ. ಆಕೆ ಎಲ್ಲಿ ಹಿಂಜರಿದಳು? ಎರಡನೇ ಡೋಸಿನ ಸಮಯ 16ರಿಂದ 24 ತಿಂಗಳು. ಆ ಹೊತ್ತಿಗೆ ಕಬ್ಬಿನ ಹಂಗಾಮು ಬಂತು, ಆಕೆ ಊರಲ್ಲಿರಲಿಲ್ಲ. ರಾಜಸ್ಥಾನದ ಉದಯಪುರದಲ್ಲಿ ಅರ್ಥಶಾಸ್ತ್ರಜ್ಞರಾದ ಬ್ಯಾನರ್ಜಿ, ಡಫ್ಲೊ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಏನೂ ಮಾಡದ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಪಡೆದ ಮಕ್ಕಳು 6 ಶೇಕಡಾ. ತಪ್ಪದೆ ಶಿಬಿರ ನಡೆಸಿದಲ್ಲಿ 18. ಶಿಬಿರದ ಜೊತೆ ಪ್ರತಿ ಸಲ ಒಂದು ಕಿಲೊ ಬೇಳೆ, ಎಲ್ಲ ಮುಗಿದ ಮೇಲೆ ತಟ್ಟೆ ಕೊಟ್ಟಲ್ಲಿ 39. ಬೇಳೆಗೆ ಬದಲಾಗುವ ಮನಸ್ಸನ್ನು ಅಜ್ಞಾನ ಎಂದು ಕರೆಯುವುದು ಹೇಗೆ?

ಚಿಗವ್ವನಿಂದಲೇ ಶುರು ಮಾಡಿ ಹೊಸದಾಗಿ ಬರೆಯಿರಿ. ಹೋದ ಊರಲ್ಲಿ ಆ ಸೂಜಿ ಸಿಗುತ್ತಿತ್ತೇ, ಗದ್ದೆಯ ಹತ್ತಿರದ ಜೋಪಡಿಗಳಿಗೆ ಯಾರಾದರೂ ಬರುತ್ತಿದ್ದರೇ, ಈಗ ಕೂಸಿಗೆ ಹಾಕಿಸಿದ್ದಾಳೆಯೇ, ಕೇಳಿಕೊಂಡು ಬನ್ನಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನೂ ಮಾತಾಡಿಸಿ. ಯಾವ ಮನೆಯವರು ಹೆದರಿ ತಪ್ಪಿಸುತ್ತಾರೆ, ಯಾವ ಮನೆಯವರು ಊರಲ್ಲೇ ಇರುವುದಿಲ್ಲ ಎಂದು ಅವರಿಗೆ ಗೊತ್ತಿರುತ್ತದೆ. ಸಾವಿರದಿನ್ನೂರು ಪದ ದಾಟಬೇಡಿ. ಚಿಗವ್ವನ ಹೆಸರು, ಊರು ಬದಲಿಸಿ, ಕಳಿಸುವ ಮೊದಲು ಆಕೆಗೆ ಓದಿ ಹೇಳಿ. ಆಕೆ ಬೇಡ ಎಂದರೆ ಆ ಭಾಗ ಇಲ್ಲದೆಯೇ ಕಳಿಸಿ.